ಕ್ಯಾಶೆ ಕ್ಲಿಯರ್ ಮಾಡಿದ್ರಾ?

2021ರ ಸೆಪ್ಟೆಂಬರ್ 30, ಗುರುವಾರ. ಸಂಜೆ ಎಂಟಾಗುತ್ತಿದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೀರಿ. ಅಡುಗೆಮನೆಯಿಂದ ಇಂಗಿನ ಒಗ್ಗರಣೆಯ ಘಮ ಬರುತ್ತಿದೆ, ಹೊಟ್ಟೆಗೆ ಮಾತ್ರ ಹಸಿವಿಲ್ಲ. ಫೋನ್ ಮತ್ತೆ ಬಡಿದುಕೊಳ್ಳುತ್ತದೆ. ಚಿಕ್ಕಪೇಟೆಯ ಸೀರೆ ಅಂಗಡಿ ಮಾಲೀಕರು.

"ಏನ್ ಸಾರ್ ಇದು, ಒಂದು ಪೇಮೆಂಟೂ ಆಗ್ತಿಲ್ವಲ್ಲ!"

ನಿಮ್ಮ ಸರ್ವರ್‌ನ ಲಾಗ್‌ನಲ್ಲಿ ಮೇಲಿಂದ ಕೆಳಗೆ ಒಂದೇ ಗೋಳು: ಸರ್ಟಿಫಿಕೇಟ್ ಅವಧಿ ಮುಗಿದಿದೆ. ಪೇಮೆಂಟ್ ಕಂಪನಿಯ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದರೆ ಬೀಗದ ಗುರುತು ನೆಟ್ಟಗೇ ಇದೆ. ಅಂಗೈ ಬೆವರುತ್ತದೆ. ಆ ಕಂಪನಿಯ ಸಪೋರ್ಟ್ ಚಾಟ್‌ಗೆ ಲಾಗ್ ಪೂರ್ತಿ ಅಂಟಿಸುತ್ತೀರಿ. ಮೂರು ಚುಕ್ಕಿ ಕುಣಿಯುತ್ತವೆ, ನಿಲ್ಲುತ್ತವೆ, ಮತ್ತೆ ಕುಣಿಯುತ್ತವೆ.

"ತೊಂದರೆಗೆ ವಿಷಾದಿಸುತ್ತೇವೆ. ಬ್ರೌಸರ್ ಕ್ಯಾಶೆ ಕ್ಲಿಯರ್ ಮಾಡಿದ್ರಾ?"

ಸರ್ವರ್‌ನಲ್ಲಿ ಬ್ರೌಸರ್ ಎಲ್ಲಿಂದ ಬರಬೇಕು? ಹಲ್ಲು ಕಚ್ಚಿ, ಮರ್ಯಾದೆಯಿಂದಲೇ ವಿವರಿಸುತ್ತೀರಿ.

"ನಮ್ಮ ಕಡೆ ಎಲ್ಲ ಸರಿಯಾಗಿದೆ. ಸ್ಕ್ರೀನ್‌ಶಾಟ್ ಕಳಿಸಿ."

ಕಿವಿ ಬಿಸಿಯಾಗುತ್ತದೆ. ಆ ಕಡೆ ಕೂತವರದೂ ತಪ್ಪಲ್ಲ ಬಿಡಿ. ಬರೆದುಕೊಟ್ಟ ಉತ್ತರಗಳ ಆಚೆ ಅವರಿಗೆ ಏನೂ ಕಾಣುವುದಿಲ್ಲ. ಫೋನ್ ಮತ್ತೆ. ಎತ್ತುವುದಿಲ್ಲ. ಕೋಡ್‌ನಲ್ಲಿ 'ವೆರಿಫೈ' ಅನ್ನು 'ಫಾಲ್ಸ್' ಮಾಡಿದರೆ ಈ ಕ್ಷಣವೇ ದುಡ್ಡು ಹರಿಯುತ್ತದೆ. ಆದರೆ ನಡುವೆ ಯಾರಾದರೂ ಕಂಪನಿಯ ವೇಷದಲ್ಲಿ ಕೂತರೆ, ನಿಮ್ಮ ಸರ್ವರ್ ಅವರನ್ನೂ ನಂಬುತ್ತದೆ. ಬೆರಳು ಎಂಟರ್ ಮೇಲಿದೆ. ಎದೆ ಹೊಡೆದುಕೊಳ್ಳುತ್ತಿದೆ. ಒತ್ತಲೇ? ಬೇಡ. ಬೆರಳು ಹಿಂತೆಗೆಯುತ್ತೀರಿ.

ಲಾಗ್ ಹಿಂದಕ್ಕೆ ಸರಿಸುತ್ತೀರಿ. 7:31ರವರೆಗೆ ಒಂದು ತಕರಾರೂ ಇಲ್ಲ, ಆಮೇಲೆ ಒಂದು ಪೇಮೆಂಟೂ ದಾಟಿಲ್ಲ. ಕಂಪನಿ ಬಳಸುತ್ತಿರುವುದು ಲೆಟ್ಸ್ ಎನ್‌ಕ್ರಿಪ್ಟ್ ಕೊಟ್ಟ ಸರ್ಟಿಫಿಕೇಟ್. ಅದಕ್ಕೆ ಆಧಾರವಾಗಿದ್ದ ಹಳೆಯ ರೂಟ್ ಸರ್ಟಿಫಿಕೇಟ್ ಇವತ್ತು ಸರಿಯಾಗಿ ಆ ಹೊತ್ತಿಗೇ ಅವಧಿ ಮುಗಿದು ಸತ್ತಿದೆ. ಬ್ರೌಸರ್‌ಗಳು ಹೊಸ ರೂಟ್‌ನ ದಾರಿ ಹುಡುಕಿಕೊಂಡಿವೆ. ನಿಮ್ಮ ಸೆಂಟ್‌ಓಎಸ್ 7ರಲ್ಲಿರುವ ಓಪನ್‌ಎಸ್‌ಎಸ್‌ಎಲ್ 1.0.2 ಮಾತ್ರ ಸತ್ತ ರೂಟ್‌ನ ಬಾಗಿಲನ್ನೇ ತಟ್ಟುತ್ತಿದೆ. ಆ ಹಳೆಯ ರೂಟನ್ನು ಬ್ಲ್ಯಾಕ್‌ಲಿಸ್ಟ್ ಫೋಲ್ಡರ್‌ಗೆ ಹಾಕುತ್ತೀರಿ. ನಂಬಿಕೆಯ ಪಟ್ಟಿ ಅಪ್‌ಡೇಟ್ ಮಾಡುತ್ತೀರಿ. ಸರ್ವಿಸ್ ರೀಸ್ಟಾರ್ಟ್. ಉಸಿರು ಬಿಗಿ ಹಿಡಿದಿದ್ದೀರಿ.

200. ಮತ್ತೊಂದು 200. ಪೇಮೆಂಟ್ ಆಗುತ್ತಿದೆ.

ಕಾರಣವನ್ನೂ ಪರಿಹಾರವನ್ನೂ ಚಾಟ್‌ನಲ್ಲಿ ಬರೆಯುತ್ತೀರಿ, ಬೇರೆ ಗಿರಾಕಿಗಳಿಗಾದರೂ ಆಗಲಿ ಎಂದು. ಉತ್ತರ ತಕ್ಷಣ ಬರುತ್ತದೆ: "ನಿಮ್ಮ ಟಿಕೆಟ್ ಮುಕ್ತಾಯವಾಗಿದೆ. ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ?"

ಆ ರೂಟ್ ಸರ್ಟಿಫಿಕೇಟ್ ಹೊರಬಂದಿದ್ದು 2000ದ ಸೆಪ್ಟೆಂಬರ್ 30ರಂದು. ಮುಗಿಯುವ ದಿನ, ಗಂಟೆ, ನಿಮಿಷ ಎಲ್ಲವನ್ನೂ ಅವತ್ತೇ ಅದರೊಳಗೆ ಬರೆದಾಗಿತ್ತು. ಸಪೋರ್ಟ್‌ನವರ ಕೈಗೆ ಕೊಟ್ಟ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.