ಹನ್ನೆರಡು ರೂಪಾಯಿಯ ಗೈಡು

ಕಳೆದ ಡಿಸೆಂಬರಿನಲ್ಲಿ ನಮ್ಮ ಹಳೆಯ ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆಯೊಂದನ್ನು ಏರ್ಪಡಿಸಿದ್ದುದು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ. ಕೆಲವರು ಅಲ್ಲಿಯೇ ಇದ್ದಿರಿ. ಹಾರ, ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲವೂ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ 1994ರಲ್ಲಿ ಹತ್ತನೆಯ ತರಗತಿಯಲ್ಲಿದ್ದ ಒಬ್ಬ ಹೆಣ್ಣುಮಗಳು ಬಂದು ಕಾಲಿಗೆ ನಮಸ್ಕರಿಸಿದಳು. ಈಗ ಅವಳು ಅಂಗನವಾಡಿ ಕಾರ್ಯಕರ್ತೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಕುಶಲ ಪ್ರಶ್ನೆಗಳಾದ ಮೇಲೆ ನಗುತ್ತಲೇ, "ಸಾರ್, ನನ್ನ ಹಿಸ್ಟರಿ ಗೈಡು ಇನ್ನೂ ನಿಮ್ಮ ಹತ್ರಾನೇ ಉಳಿದುಬಿಟ್ಟಿದೆ" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪಾಯಸ ಬಡಿಸಲು ಬಂದವರು ಮಾತನ್ನು ಬೇರೆಡೆಗೆ ಒಯ್ದರು.

ಆ ರಾತ್ರಿ ಮಾತ್ರ ನನಗೆ ಬೇಗ ನಿದ್ರೆ ಹತ್ತಲಿಲ್ಲ.

ಗೈಡುಗಳ ವಿಷಯದಲ್ಲಿ ನಾನು ಎಂತಹ ಕಠಿಣ ವ್ಯಕ್ತಿಯಾಗಿದ್ದೆನೆಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಪಠ್ಯಪುಸ್ತಕದ ಇನ್ನೂರು ಪುಟಗಳನ್ನು ಅರವತ್ತು ಪುಟಗಳಿಗೆ ಹಿಂಡಿ, ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಟಿಪ್ಪಣಿ ಬರೆಯಿರಿ ಎಂದು ವಿಂಗಡಿಸಿ, ಬೆರಳಿಗೆ ಮಸಿ ಹತ್ತುವಂತಹ ಅಗ್ಗದ ಕಾಗದದಲ್ಲಿ ಅಚ್ಚು ಹಾಕಿ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ನೇತುಹಾಕುತ್ತಿದ್ದ ಆ ಪುಸ್ತಕಗಳನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು. ತರಗತಿಯಲ್ಲಿ ಯಾರ ಚೀಲದಲ್ಲಿ ಸಿಕ್ಕರೂ ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿಬಿಡುತ್ತಿದ್ದೆ. ವಾರ್ಷಿಕ ಪರೀಕ್ಷೆಯ ನಂತರ ಬಂದು ಕೇಳಿದವರಿಗೆ ಹಿಂತಿರುಗಿಸುತ್ತಿದ್ದೆ. ಆಗ ಅದು ಯಾರಿಗೂ ಬೇಕಾಗಿರುತ್ತಿರಲಿಲ್ಲ.

ನನ್ನ ಸಿಟ್ಟಿಗೆ ಕಾರಣವಿರಲಿಲ್ಲವೆಂದಲ್ಲ. ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತವರಿಗೆ ಗೊತ್ತು, ಒಂದು ಕಟ್ಟಿನ ಉತ್ತರ ಪತ್ರಿಕೆಗಳೆಲ್ಲ ಒಬ್ಬನೇ ಬರೆದಂತೆ ಇರುತ್ತಿದ್ದವು. ಒಂದು ವರ್ಷವಂತೂ ಶ್ರೀರಂಗಪಟ್ಟಣದ ಒಪ್ಪಂದವಾದ ವರ್ಷ 1797 ಎಂದು ಪತ್ರಿಕೆಯ ಮೇಲೆ ಪತ್ರಿಕೆ ಹೇಳತೊಡಗಿತು. ಆಗಿದ್ದು 1792ರಲ್ಲಿ. ನಕಲು ನಡೆದಿದೆಯೆಂದೇ ನನ್ನ ಪಕ್ಕದವರು ಅನುಮಾನಿಸಿದರು. ಮಧ್ಯಾಹ್ನ ಚಹಾಕ್ಕೆ ಹೋದಾಗ ಅಂಗಡಿಯಲ್ಲಿದ್ದ ಗೈಡೊಂದನ್ನು ತಿರುವಿ ನೋಡಿದೆ. ಅಚ್ಚಿನ ಮೊಳೆ ಜೋಡಿಸಿದವನ ಕೈತಪ್ಪು ಅಲ್ಲಿ ಕುಳಿತಿತ್ತು. ಅಷ್ಟು ಮಕ್ಕಳಲ್ಲಿ ಒಬ್ಬರಿಗೂ 1797 ಹೇಗಾದೀತೆಂಬ ಸಂಶಯ ಬಂದಿರಲಿಲ್ಲ.

ಸಂಶಯ ಬರಬೇಕಾದರೆ ಕಥೆ ಗೊತ್ತಿರಬೇಕು. ಮೈಸೂರಿಗೂ ಕಂಪನಿಗೂ ನಡೆದ ನಾಲ್ಕು ಯುದ್ಧಗಳನ್ನು ನಾನು ಮೆಟ್ಟಿಲಿನಂತೆ ಹೇಳುತ್ತಿದ್ದೆ. 1767ರಿಂದ 69ರವರೆಗಿನ ಮೊದಲನೆಯದರಲ್ಲಿ ಹೈದರಾಲಿ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತು ಒಪ್ಪಂದ ಬರೆಸಿಕೊಂಡ. ಅದು ಮೇಲಿನ ಮೆಟ್ಟಿಲು. ಎರಡನೆಯದು 1780ರಿಂದ 84. ಹೈದರ್ ನಡುವೆಯೇ ತೀರಿಕೊಂಡ, ಟಿಪ್ಪು ಮುಂದುವರಿಸಿದ, ಮಂಗಳೂರಿನ ಒಪ್ಪಂದದಲ್ಲಿ ಗೆದ್ದುಕೊಂಡದ್ದನ್ನು ಪರಸ್ಪರ ಮರಳಿಸಿ ಇಬ್ಬರೂ ಸಮಸಮವಾದರು. 1790ರಿಂದ 92ರ ಮೂರನೆಯದರಲ್ಲಿ ಅರ್ಧ ರಾಜ್ಯ ಹೋಯಿತು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪುವೂ ಮಡಿದ. ಅದು ಕೊನೆಯ ಮೆಟ್ಟಿಲು. ಇಷ್ಟು ತಿಳಿದವನಿಗೆ 1797 ಎಂಬ ಸಂಖ್ಯೆಯನ್ನು ಇಡಲು ಜಾಗವೇ ಸಿಗುವುದಿಲ್ಲ.

ಹಾಗೆಯೇ 1857. ಗೈಡಿನಲ್ಲಿ ರಾಜಕೀಯ, ಆರ್ಥಿಕ, ಸಾಮಾಜಿಕ ಮತ್ತು ಧಾರ್ಮಿಕ, ಸೈನಿಕ ಎಂದು ಕಾರಣಗಳ ನಾಲ್ಕು ಡಬ್ಬಿಗಳು. ಕೊನೆಗೆ "ತಕ್ಷಣದ ಕಾರಣ: ಕೊಬ್ಬು ಸವರಿದ ತೋಟಾ". ತೋಟಾದ ಕಾಗದವನ್ನು ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತೆಂಬ ಒಂದು ಮಾತನ್ನು ಗೈಡಿನವರು ಜಾಗ ಉಳಿಸಲು ಕೈಬಿಟ್ಟಿದ್ದರು. ಆ ಒಂದು ಮಾತಿಲ್ಲದೆ ಹೋದರೆ ಮಿಕ್ಕದ್ದು ಹೇಗೆ ಅರ್ಥವಾಗಬೇಕು? ಬಂದೂಕಿಗೆ ಎಣ್ಣೆ ಹಾಕಿದರೆ ಯಾಕೆ ಸಾರ್ ಸಿಟ್ಟು ಬರಬೇಕು ಎಂದು ಹುಡುಗನೊಬ್ಬ ನನ್ನನ್ನು ಕೇಳಿದ್ದುಂಟು. ನ್ಯಾಯವಾದ ಪ್ರಶ್ನೆ.

ಇಷ್ಟೆಲ್ಲ ಹೇಳಿದ ಮೇಲೆ, ತರಗತಿಯಲ್ಲಿ ಒಂದು ದಿನವೂ ಹೇಳದ ಸಂಗತಿಯನ್ನೂ ಹೇಳಿಬಿಡಬೇಕು. 1968ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಾಗ ಇತಿಹಾಸವನ್ನು ಓದಿದ್ದು ಗೈಡಿನಿಂದಲೇ. ಪಠ್ಯಪುಸ್ತಕವನ್ನು ಕೊಳ್ಳುವ ಶಕ್ತಿ ಮನೆಯಲ್ಲಿರಲಿಲ್ಲ. ದೊಡ್ಡಪ್ಪನ ಮಗ ಓದಿ ಬಿಸಾಡಿದ್ದ, ರಟ್ಟು ಹೋಗಿದ್ದ, ಮೊದಲ ಎಂಟು ಪುಟಗಳಿಲ್ಲದ ಸಂಗ್ರಹವೊಂದು ದೊರಕಿತು. ಕೊಟ್ಟಿಗೆಯ ಮುಂದೆ ಬುಡ್ಡಿದೀಪವಿಟ್ಟುಕೊಂಡು ಒಂದು ತಿಂಗಳು ಅದನ್ನು ಉರು ಹೊಡೆದೆ. ಒಳ್ಳೆಯ ಅಂಕಗಳೇ ಬಂದವು. ಹೆಡ್‌ಮಾಸ್ತರರು ನನ್ನ ಬೆನ್ನು ತಟ್ಟಿ, ಮೂಲಗ್ರಂಥಗಳನ್ನು ಓದುವ ಹುಡುಗನೆಂದು ಪ್ರಾರ್ಥನೆಯ ವೇಳೆ ಎಲ್ಲರೆದುರು ಹೊಗಳಿದರು. ನಾನು ಸುಮ್ಮನಿದ್ದೆ. ಇತಿಹಾಸದ ಮೇಷ್ಟ್ರಾಗಿ ನಿವೃತ್ತನಾಗುವವರೆಗೂ ಸುಮ್ಮನೇ ಇದ್ದೆ.

ಈಗ ಆ ಹುಡುಗಿಯ ವಿಷಯ. ನಮ್ಮ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸುಲಿಯುವ ಮನೆಗಳಲ್ಲಿ ನಡುರಾತ್ರಿಯವರೆಗೂ ದೀಪ ಉರಿಯುತ್ತದೆ. ತಾಯಿಯ ಜೊತೆಯಲ್ಲಿ ಇವಳೂ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದಳು. ತಂದೆ ಇರಲಿಲ್ಲ. ತಮ್ಮನನ್ನು ಆರನೆಯ ತರಗತಿಗೇ ಬಿಡಿಸಿ ಶಿವಮೊಗ್ಗದ ಹೋಟೆಲೊಂದಕ್ಕೆ ಸೇರಿಸಿದ್ದರು. ನವೆಂಬರಿನಿಂದ ಫೆಬ್ರವರಿಯವರೆಗೆ ಅವಳು ಶಾಲೆಗೆ ಬಂದದ್ದು ಕಡಿಮೆ. ಬಂದ ದಿನ ತೂಕಡಿಸುತ್ತಿದ್ದಳು, ಬೆರಳುಗಳೆಲ್ಲ ಅಡಿಕೆಯ ಚೊಗರಿನಿಂದ ಕಪ್ಪಾಗಿರುತ್ತಿದ್ದವು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ.

ಪರೀಕ್ಷೆಗೆ ಹದಿನೆಂಟು ದಿನಗಳಿದ್ದಾಗ ಅವಳ ಚೀಲದಲ್ಲಿ ಗೈಡು ಸಿಕ್ಕಿತು. "ಓದಬೇಕಾದಾಗ ಶಾಲೆಗೆ ಬರಲಿಲ್ಲ, ಈಗ ಗಿಣಿಪಾಠ ಒಪ್ಪಿಸಿ ಪಾಸಾಗಬೇಕೆಂದಿದ್ದೀಯಾ?" ಎಂದು ಇಡೀ ತರಗತಿಯ ಮುಂದೆ ಗದರಿದೆ. ಅವಳು, "ಸಾರ್, ಅದು ನನ್ದಲ್ಲ, ಪಕ್ಕದ ಮನೆಯವರದ್ದು" ಎಂದಳು. ಯಾರದ್ದಾದರೂ ಸರಿ ಎಂದೆ. ಗೈಡು ಖಾನೆಗೆ ಹೋಯಿತು. ಪಠ್ಯಪುಸ್ತಕ ಅವಳ ಬಳಿ ಇದೆಯೇ ಎಂದು ಕೇಳಬೇಕೆಂದು ನನಗೆ ತೋಚಲಿಲ್ಲ. ಫಲಿತಾಂಶ ಬಂದಾಗ ಸಮಾಜ ವಿಜ್ಞಾನದಲ್ಲಿ 29 ಬಂದಿತ್ತು. ಉತ್ತೀರ್ಣಳಾಗಲು ಆಗ 35 ಬೇಕಿತ್ತು. ಉಳಿದೆಲ್ಲ ವಿಷಯಗಳಲ್ಲಿಯೂ ಪಾಸಾಗಿದ್ದಳು, ಗಣಿತವನ್ನೂ ಸೇರಿಸಿ. ಮತ್ತೆ ಪರೀಕ್ಷೆ ಕಟ್ಟಿ ಪಾಸಾದಳೆಂದು ಮುಂದೆ ತಿಳಿಯಿತು. ಆದರೆ ಆ ವರ್ಷ ಅವಳು ಕಾಲೇಜಿಗೆ ಸೇರಲಿಲ್ಲ, ಮಾರನೆಯ ವರ್ಷ ಮದುವೆಯಾಯಿತು.

ಇದಾದ ಮೇಲೆ ನಾನೇನೂ ಒಮ್ಮೆಗೇ ಬದಲಾದೆನೆಂದು ತಿಳಿಯಬೇಡಿ. ಒಂದೆರಡು ವರ್ಷ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ನಂತರ ನನ್ನದೇ ಒಂದು ಸಂಗ್ರಹವನ್ನು ಮಾಡತೊಡಗಿದೆ. ಹದಿನಾರು ಪುಟ, ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡಿಸಿದ್ದು, ನಿಮ್ಮಲ್ಲಿ ಕೆಲವರ ಬಳಿ ಇನ್ನೂ ಇದ್ದೀತು. ಅದನ್ನು ಮಾಡಲು ಕುಳಿತಾಗಲೇ ಗೈಡು ಬರೆಯುವವರ ಮೇಲೆ ನನಗೆ ಸ್ವಲ್ಪ ಗೌರವ ಹುಟ್ಟಿದ್ದು. ಯಾವುದನ್ನು ಬಿಡಬೇಕು? ಪ್ರತಿಯೊಂದು ಸಾಲನ್ನು ಹೊಡೆದುಹಾಕುವಾಗಲೂ ಕೈ ತಡೆಯುತ್ತಿತ್ತು. ತೋಟಾವನ್ನು ಕಚ್ಚುವ ಮಾತನ್ನು ಉಳಿಸಿಕೊಂಡೆ, ಅದಕ್ಕಾಗಿ ಇಬ್ಬರು ಗವರ್ನರ್ ಜನರಲ್‌ಗಳನ್ನು ಬಿಟ್ಟೆ. ಮಕ್ಕಳಿಗೆ ಒಂದೇ ನಿಯಮ ಹಾಕಿದ್ದೆ: ಪಾಠವನ್ನು ಒಮ್ಮೆ ಕಥೆಯಾಗಿ ಕೇಳಿದ ಮೇಲೆ ಸಂಗ್ರಹ ತೆರೆಯಬೇಕು, ಒಂದು ಪುಟ ಓದಿ ಮುಚ್ಚಿ, ನೆನಪಿದ್ದಷ್ಟನ್ನು ಸ್ಲೇಟಿನಲ್ಲೋ ನೆಲದ ಮೇಲೋ ಬರೆದು, ಮತ್ತೆ ತೆರೆದು ಬಿಟ್ಟುಹೋದದ್ದನ್ನು ಮಾತ್ರ ನೋಡಬೇಕು. ಸುಮ್ಮನೆ ಹತ್ತು ಸಲ ಓದುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತಿತ್ತು. ಮುಂದೆ ಇಲಾಖೆಯವರೇ 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರಿನಲ್ಲಿ ಇಂತಹ ಸಂಗ್ರಹಗಳನ್ನು ಹಂಚತೊಡಗಿದಾಗ ನನಗೆ ನಗು ಬಂದಿತು. ಅದರ ಬಗ್ಗೆ ಇನ್ನೊಮ್ಮೆ ಬರೆಯುವೆ.

ಗುರುವಂದನೆ ಮುಗಿದ ಮೂರನೆಯ ದಿನ ಅಟ್ಟದಿಂದ ಹಳೆಯ ಟ್ರಂಕನ್ನು ಇಳಿಸಿದೆ. ವರ್ಗವಾದಾಗ ಮೇಜಿನ ಖಾನೆಯಲ್ಲಿದ್ದುದೆಲ್ಲವನ್ನೂ ಅದಕ್ಕೆ ಸುರಿದುಕೊಂಡು ಬಂದಿದ್ದೆ. ಏಳು ಗೈಡುಗಳಿದ್ದವು. ಅವಳದ್ದನ್ನು ಗುರುತಿಸುವುದು ಕಷ್ಟವಾಗಲಿಲ್ಲ. ಒಂದರ ಪುಟದಂಚುಗಳಲ್ಲಿ ಅಡಿಕೆ ಚೊಗರಿನ ಬೆರಳಚ್ಚುಗಳಿದ್ದವು. ಬೆಲೆ ಹನ್ನೆರಡು ರೂಪಾಯಿ.

ಅದನ್ನು ಪುಟಪುಟವಾಗಿ ತಿರುವುತ್ತ ಹೋದೆ. ಅಂಚುಗಳಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ, ಅಳಿಸಿ ಹಿಂತಿರುಗಿಸಬೇಕಾದ ಪುಸ್ತಕವೆಂಬ ಎಚ್ಚರದಿಂದಲೋ ಏನೋ ತೀರ ತೆಳುವಾಗಿ, ಅವಳ ಅಕ್ಷರಗಳಿದ್ದವು. 1857ರ ಪುಟದಲ್ಲಿ "ಕೊಬ್ಬು – ಯಾಕೆ?" ಎಂದಿತ್ತು. 1942ರ ಚಳವಳಿಯ ಕೆಳಗೆ ಗೈಡಿನವರು ಈಸೂರಿಗೆ ಒಂದೇ ಒಂದು ಸಾಲನ್ನು ಕೊಟ್ಟಿದ್ದರು. ನಮ್ಮ ಶಾಲೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯ ಊರು ಅದು. ತಾನು ಸ್ವತಂತ್ರವೆಂದು ಸಾರಿಕೊಂಡು, ಹುಡುಗರನ್ನೇ ಅಧಿಕಾರಿಗಳನ್ನಾಗಿ ಮಾಡಿ, "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂದ ಊರು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಸತ್ತು, 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಆ ಒಂದು ಸಾಲಿನ ಪಕ್ಕದಲ್ಲಿ ಅವಳು ಬರೆದಿದ್ದಳು: "ಅಜ್ಜಿ ಕಾಡಿನಲ್ಲಿ ಎಂಟು ದಿನ ಇದ್ದದ್ದು ಆಗಲೇ." ಪೊಲೀಸರಿಗೆ ಹೆದರಿ ಊರಿನವರು ಕಾಡು ಸೇರಿದ್ದ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿ ಪಾಠ ಮಾಡುತ್ತಿದ್ದೆ. ಕಾಡಿನಲ್ಲಿದ್ದವರ ಮೊಮ್ಮಗಳು ನನ್ನ ಮೂರನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದಳು.

ಇನ್ನೊಂದು ಪುಟದಲ್ಲಿ ಶ್ರೀರಂಗಪಟ್ಟಣದ ಒಪ್ಪಂದ. ಗೈಡಿನಲ್ಲಿ ಮೂರು ಅಂಶಗಳು. ಒಂದು, ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟನು. ಎರಡು, 3 ಕೋಟಿ 30 ಲಕ್ಷ ರೂಪಾಯಿ ಯುದ್ಧವೆಚ್ಚಕ್ಕೆ ಒಪ್ಪಿದನು. ಮೂರು, ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಒಪ್ಪಿಸಿದನು. ಮೂರನೆಯದರ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ: "ವಾಪಸ್ ಬಂದರಾ? ಸಾರ್ ಹತ್ರ ಕೇಳಬೇಕು."

ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಮನೆಯವಳು ಬಂದು, ಟ್ರಂಕಿನ ಧೂಳಿನಲ್ಲಿ ಕೂತರೆ ಮತ್ತೆ ಕೆಮ್ಮು ಬರುತ್ತದೆಂದು ಎಬ್ಬಿಸಿದಳು.

ಸಂಜೆ ಅವಳಿಗೆ ಫೋನ್ ಮಾಡಿದೆ. ಗೈಡು ಸಿಕ್ಕಿತೆಂದು ಹೇಳಿದಾಗ ಜೋರಾಗಿ ನಕ್ಕಳು. ಪಕ್ಕದ ಮನೆಯವರಿಗೆ ಅದರ ಹನ್ನೆರಡು ರೂಪಾಯಿಯನ್ನು ಅಡಿಕೆ ಸುಲಿದ ದುಡ್ಡಿನಲ್ಲಿ ತೀರಿಸಿದ್ದಳಂತೆ; ಹಾಗಾಗಿ "ಈಗ ಅದು ನನ್ದೇ ಸಾರ್" ಎಂದಳು. ನಾನು ತಪ್ಪು ಮಾಡಿದೆನೆಂದು ಹೇಳಿದೆ. "ಅಯ್ಯೋ ಬಿಡಿ ಸಾರ್, ಎಷ್ಟು ವರ್ಷದ ಮಾತು" ಎಂದಳು. ದೊಡ್ಡವರು ಕ್ಷಮೆ ಕೇಳಿದಾಗ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದು. ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ನನಗೆ ಈಗಲೂ ತಿಳಿದಿಲ್ಲ.

ಆಮೇಲೆ, "ನೀನೊಂದು ಪ್ರಶ್ನೆ ಬರೆದಿದ್ದೆಯಮ್ಮ. ಟಿಪ್ಪುವಿನ ಮಕ್ಕಳು ವಾಪಸ್ ಬಂದರು, 1794ರಲ್ಲಿ" ಎಂದೆ.

ಅವಳಿಗೆ ತಾನು ಬರೆದದ್ದು ನೆನಪಿರಲಿಲ್ಲ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ಎರಡು ವರ್ಷ ಆಯ್ತಾ ಸಾರ್" ಎಂದಳು. ಆಗಲೇ ನಾನು ಅವಳ ತಮ್ಮನ ಬಗ್ಗೆ ವಿಚಾರಿಸಿದ್ದು. ಅವನು ಶಿವಮೊಗ್ಗದಲ್ಲಿಯೇ ಇದ್ದಾನಂತೆ, ಸ್ವಂತದ ಒಂದು ಚಿಕ್ಕ ಕ್ಯಾಂಟೀನು ಮಾಡಿಕೊಂಡಿದ್ದಾನೆ, ಊರಿಗೆ ಬರುವುದು ಕಡಿಮೆ.

ಮುಂದಿನ ತಿಂಗಳು ಮಗಳನ್ನು ಕರೆದುಕೊಂಡು ಬರುತ್ತೇನೆಂದಿದ್ದಾಳೆ. ಆ ಹುಡುಗಿ ಇತಿಹಾಸವನ್ನೇ ಐಚ್ಛಿಕವಾಗಿ ತೆಗೆದುಕೊಂಡಿದ್ದಾಳೆ. ಗೈಡಿಗೆ ಖಾಕಿ ಕಾಗದದ ಬೈಂಡು ಹಾಕಿ ಇಟ್ಟಿದ್ದೇನೆ. ಪೆನ್ಸಿಲಿನ ಅಕ್ಷರಗಳನ್ನು ಮುಟ್ಟಿಲ್ಲ. ಉಳಿದ ಆರು ಗೈಡುಗಳು ಯಾರವೆಂದು ತಿಳಿಯುತ್ತಿಲ್ಲ. ನಿಮ್ಮದಾಗಿದ್ದರೆ ಬಂದು ತೆಗೆದುಕೊಂಡು ಹೋಗಿ.