ರಾಯರೂ ರಾಕ್ ಸಂಗೀತವೂ

ಪಿನ್‌ಬಾಲ್ ಯಂತ್ರಗಳ ತವರೂರು ಷಿಕಾಗೋ. 1947ರಲ್ಲಿ ಗೊಟ್ಲೀಬ್ ಕಂಪನಿ ಚೆಂಡನ್ನು ಹಿಂದಕ್ಕೆ ಹೊಡೆಯುವ ಫ್ಲಿಪ್ಪರುಗಳನ್ನು ಮೊದಲು ಕೂರಿಸಿದ್ದು ಇಲ್ಲಿಯೇ. ಅಲ್ಲಿಯವರೆಗೆ ಚೆಂಡನ್ನು ಚಿಮ್ಮಿಸಿದ ಮೇಲೆ ದೇವರಿಟ್ಟ ಹಾಗೆ ಆಗಲಿ ಎಂದು ನೋಡುತ್ತ ನಿಲ್ಲಬೇಕಿತ್ತು. ಫ್ಲಿಪ್ಪರು ಬಂದಮೇಲೆ ಸೋಲಿನ ಹೊಣೆಯೂ ಆಡುವವನ ತಲೆಗೇ ಬಂತು.

ಈ ಊರಿನ ಅಂಚಿನ ಆಟದಂಗಡಿಯೊಂದರಲ್ಲಿ ಶನಿವಾರ ಸಂಜೆ ಹೋದರೆ ನಮ್ಮ ರಾಯರು ಸಿಗುತ್ತಾರೆ. ಹಾಸನದ ಕಡೆಯವರು, ನಿವೃತ್ತ ಎಂಜಿನಿಯರು. ಮನೆಯಲ್ಲಿ ಬೆಳಗಾಗುವುದು ವೀಣೆ ಶೇಷಣ್ಣನವರ ಕೃತಿಗಳಿಂದ. ಇಲ್ಲಿ ಮಾತ್ರ ಅವರು ನಿಲ್ಲುವುದು ಎಸಿ/ಡಿಸಿ ತಂಡದ ಹೆಸರಿನ ಯಂತ್ರದ ಮುಂದೆ. ಯಂಗ್ ಸೋದರರು 1973ರಲ್ಲಿ ಸಿಡ್ನಿಯಲ್ಲಿ ಕಟ್ಟಿದ ತಂಡ ಅದು. ತಮ್ಮ ಆಂಗಸ್ ವಯಸ್ಸಾದರೂ ಶಾಲೆಯ ಚಡ್ಡಿ, ಕೋಟು ತೊಟ್ಟೇ ಗಿಟಾರ್ ನುಡಿಸುತ್ತಾನೆ. ರಾಯರಿಗೆ ಅದೊಂದು ಮೆಚ್ಚುಗೆ. "ಶಿಸ್ತಿನ ಹುಡುಗ ಕಣ್ರೀ. ಇವತ್ತಿಗೂ ಯೂನಿಫಾರಂ ಬಿಟ್ಟಿಲ್ಲ."

ಯಂತ್ರ ಬಂದದ್ದು 2012ರಲ್ಲಿ. ಸ್ಟರ್ನ್ ಕಂಪನಿಗಾಗಿ ಸ್ಟೀವ್ ರಿಚಿ ವಿನ್ಯಾಸ ಮಾಡಿದ್ದು. ಅದರಲ್ಲಿ ಪ್ರೊ, ಪ್ರೀಮಿಯಂ ಎಂದು ಪಂಗಡಗಳು. ಪ್ರೀಮಿಯಂನಲ್ಲಿ ಆಟದ ಹಲಗೆಯ ಕೆಳಗೆ, ಗಾಜಿನ ಕಿಂಡಿಯೊಳಗೆ, ಪುಟಾಣಿ ಫ್ಲಿಪ್ಪರುಗಳುಳ್ಳ ಇನ್ನೊಂದು ಆಟವಿದೆ. ಅಗ್ಗದ ಪ್ರೊನಲ್ಲಿ ಆ ನೆಲಮಾಳಿಗೆಯಿಲ್ಲ. ರಾಯರು ಕಟ್ಟಾ ಪ್ರೊ ಪಕ್ಷ. "ಚೆಂಡು ಓಡೋ ಓಟ ನೋಡಬೇಕು. ಮಧ್ಯೆ ನೆಲಮಾಳಿಗೆಗೆ ಇಣುಕಿ ಅಂದ್ರೆ ಲಯ ಹೋಗುತ್ತೆ. ಪಲ್ಲವಿ ಹಾಡ್ತಿರೋನನ್ನ ಊಟಕ್ಕೆ ಕರೆದ ಹಾಗೆ."

ಅಂಕದ ಶಾಸ್ತ್ರವನ್ನು ಅವರು ಪಕ್ಕದಲ್ಲಿ ನಿಂತ ಯಾರಿಗಾದರೂ ಪುಕ್ಕಟೆಯಾಗಿ ಬೋಧಿಸುತ್ತಾರೆ. ಫ್ಲಿಪ್ಪರ್ ಎತ್ತಿ ಹಿಡಿದು ಚೆಂಡನ್ನು ಅದರ ತೋಳಿನಲ್ಲಿ ಕೂರಿಸಬೇಕು; ಉಸಿರು ಬಿಟ್ಟು, ಗುರಿ ನೋಡಿ, ಆಮೇಲೆ ಹೊಡೆಯಬೇಕು. ಯಂತ್ರವನ್ನು ಮೆಲ್ಲಗೆ ಅಲುಗಿಸಬಹುದು, ಜೋರು ಮಾಡಿದರೆ 'ಟಿಲ್ಟ್' ಎಂದು ಮುನಿಸಿಕೊಂಡು ಫ್ಲಿಪ್ಪರುಗಳನ್ನೇ ಸ್ತಬ್ಧಗೊಳಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಹಾಡಿನ ಆಯ್ಕೆ. ಆಟ ಶುರುವಾಗುವ ಮುನ್ನ ಹನ್ನೆರಡು ಹಾಡುಗಳಲ್ಲಿ ಒಂದನ್ನು ಆರಿಸಬೇಕು. ಯಾವ ಹಾಡೋ ಅದಕ್ಕೆ ತಕ್ಕ ಗುರಿಗಳು ಬೆಳಗುತ್ತವೆ. ಕೈಗೆ ಒಗ್ಗುವ ಗುರಿಗಳಿರುವ ಹಾಡನ್ನು ಹಿಡಿದು, ಅದು ನಡೆಯುತ್ತಿರುವಾಗಲೇ ಹಲವು ಚೆಂಡುಗಳು ಒಟ್ಟಿಗೆ ಓಡುವ ಮಲ್ಟಿಬಾಲ್ ಶುರುಮಾಡಿದರೆ ಅಂಕ ಹೊಳೆಯಾಗಿ ಹರಿಯುತ್ತದೆ. "ಇಷ್ಟದ ಹಾಡು ಬೇರೆ, ಅಂಕದ ಹಾಡು ಬೇರೆ. ಬುದ್ಧಿವಂತ ಎರಡನೆಯದನ್ನ ಆರಿಸ್ತಾನೆ," ಎನ್ನುತ್ತ ರಾಯರು ನಾಣ್ಯ ಹಾಕಿ, ಪ್ರತಿ ಸಲವೂ 'ಹೆಲ್ಸ್ ಬೆಲ್ಸ್' ಆರಿಸುತ್ತಾರೆ.

ಅದು ಗಂಟೆಯ ನಾದದಿಂದ ತೊಡಗುವ ಹಾಡು. ತಂಡದ ಗಾಯಕ ಬಾನ್ ಸ್ಕಾಟ್ 1980ರ ಫೆಬ್ರವರಿಯಲ್ಲಿ ತೀರಿಕೊಂಡ. ಅದೇ ವರ್ಷದ ಜುಲೈನಲ್ಲಿ ಹೊಸ ಗಾಯಕನೊಡನೆ ಬಂದ ಆಲ್ಬಂ ಮೊದಲುಗೊಳ್ಳುವುದೇ ಈ ಗಂಟೆಯಿಂದ. ಯಂತ್ರದೊಳಗೂ ಒಂದು ಗಂಟೆ ತೂಗಿದೆ. ರಾಯರ ಕೈಗೆ ಅದು ಅಷ್ಟಾಗಿ ಒಗ್ಗಿದ್ದಲ್ಲ. ಗಂಟೆಗೆ ಬಡಿದ ಚೆಂಡು ಎತ್ತಲೋ ಸಿಡಿದು, ನಡುವಿನ ಸಂದಿಯಲ್ಲಿ ಜಾರಿ ಹೋಗುತ್ತದೆ. ಮೂರನೆಯ ಚೆಂಡೂ ಹೋಯಿತೋ, ಹಾಡೂ ಅಲ್ಲಿಗೇ ನಿಂತಿತು. ಆ ಹಾಡಿನ ಆರಂಭ ಅವರಿಗೆ ಬಾಯಿಪಾಠ. ಮುಗಿಯುವುದು ಹೇಗೆಂದು ಗೊತ್ತಿಲ್ಲ.

ಅಂಕ ಬಾರದ ಹಾಡೇ ಏಕೆ ಎಂದು ಒಮ್ಮೆ ಕೇಳಿದೆ. ರಾಯರು ಕನ್ನಡಕ ಒರೆಸಿಕೊಂಡರು. ಮಗ ಹೈಸ್ಕೂಲಿನಲ್ಲಿದ್ದಾಗ ಇದೇ ಹಾಡನ್ನು ಮನೆ ನಡುಗುವಂತೆ ಹಾಕುತ್ತಿದ್ದನಂತೆ. ಗಂಟೆ ಕೇಳಿಸಿದ್ದೇ ತಡ, ಇವರು ಮಹಡಿ ಹತ್ತಿ ಹೋಗಿ ಆರಿಸುತ್ತಿದ್ದರಂತೆ. ಮಗ ಈಗ ಸಿಯಾಟಲ್‌ನಲ್ಲಿ. ಭಾನುವಾರ ಫೋನು, ಹವಾಮಾನದ ವರದಿ, ಅಮ್ಮನಿಗೆ ಕೊಡ್ತೀನಿ ಇರು.

"ಒಂದು ದಿನವೂ ಅವನಿಗೆ ಪೂರ್ತಿ ಕೇಳೋಕೆ ಬಿಡಲಿಲ್ಲ ಕಣ್ರೀ," ಎಂದರು ರಾಯರು, ಜೇಬಿನಲ್ಲಿ ಚಿಲ್ಲರೆ ತಡಕುತ್ತ. "ಈಗ ಈ ಯಂತ್ರ ನನಗೆ ಬಿಡ್ತಾ ಇಲ್ಲ. ಲೆಕ್ಕ ಸರಿಯಾಗೇ ಇದೆ. ಎಲ್ಲಿ, ಒಂದು ಕ್ವಾರ್ಟರ್ ಇದ್ರೆ ಕೊಡಿ."