ಸೊಪ್ಪು ಒಳ್ಳೆಯದೇ, ಆದರೆ ಮಣ್ಣು?

ಕಲಬುರಗಿಯಿಂದ ಸೊಲ್ಲಾಪುರಕ್ಕೆ ಹೋಗುವ ರೈಲಿನಲ್ಲಿ ಕುಳಿತವರಿಗೆ ರಾಜ್ಯದ ಗಡಿ ಎಲ್ಲಿ ದಾಟಿತೆಂದು ತಿಳಿಯುವುದೇ ಇಲ್ಲ. ಗಾಣಗಾಪುರ ರೋಡ್ ಕಳೆದು ದುಧನಿ ಬರುತ್ತದೆ. ಫಲಕಗಳಲ್ಲಿ ಕನ್ನಡ ಹೋಗಿ ಮರಾಠಿ ಬರುತ್ತದೆ. ಆದರೆ ಕಿಟಕಿಯಾಚೆಯ ಎರೆಹೊಲ ಅದೇ, ಜೋಳ-ತೊಗರಿ ಅದೇ, ಬೋಗಿಯೊಳಗಿನ ಮಾತೂ ಅದೇ. ಅಕ್ಕಲಕೋಟ ರೋಡ್, ಹೋಟಗಿ, ಆಮೇಲೆ ಸೊಲ್ಲಾಪುರ.

ಹಿಂದೆ ನಮ್ಮ ಧರ್ಮಕೇಂದ್ರದಲ್ಲಿದ್ದ ಒಂದು ಕುಟುಂಬ ಕೆಲಸದ ನಿಮಿತ್ತ ಅಲ್ಲಿ ನೆಲೆಸಿದೆ. ಅವರ ಹೊಸ ಮನೆಯ ಆಶೀರ್ವಾದಕ್ಕೆಂದು ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೋಗಿದ್ದೆ. ಮರುದಿನ ಬೆಳಿಗ್ಗೆ ಬೇಗ ಎದ್ದು ಸಿದ್ಧೇಶ್ವರ ಕೆರೆಯ ಕಡೆ ನಡೆದೆ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನು ಕಟ್ಟಿಸಿದನೆಂದು ಜನ ನಂಬುವ ಕೆರೆ ಅದು. ಸೊನ್ನಲಿಗೆಯೆಂದು ನಾವು ಶಾಲೆಯಲ್ಲಿ ಓದಿದ ಊರು ಇದೇ.

ಹಿಂತಿರುಗುವಾಗ ರಸ್ತೆ ಬದಿಯ ಗಟಾರದ ದಂಡೆಯಲ್ಲಿ ಗರಗದ ಸೊಪ್ಪು ಹಚ್ಚಗೆ ಬೆಳೆದಿದ್ದು ಕಂಡಿತು. ಮರಾಠಿಯವರು ಮಾಕಾ ಎನ್ನುತ್ತಾರೆ. ಅದರ ಪಕ್ಕದಲ್ಲೇ ನೆಲನೆಲ್ಲಿ. ಗುರುಮಠದಲ್ಲಿ ಓದುವಾಗ ಹಿರಿಯ ಬ್ರದರ್ ಒಬ್ಬರು ನನಗೆ ಗಿಡಮೂಲಿಕೆಗಳ ಪರಿಚಯ ಮಾಡಿಸಿದ್ದರು. ಆ ಜ್ಞಾನದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಉಂಟು. ಎರಡು ಹಿಡಿ ಕಿತ್ತುಕೊಂಡು ಮನೆಗೆ ಬಂದೆ.

ಪಕ್ಕದ ಮನೆಯ ಆಯಿ ಬಾಗಿಲಲ್ಲಿ ಕುಳಿತಿದ್ದರು. ಅಕ್ಕಲಕೋಟೆ ತಾಲೂಕಿನ ಹಳ್ಳಿಯವರು, ವಯಸ್ಸು ಎಪ್ಪತ್ತು ದಾಟಿರಬೇಕು. ಸೊಪ್ಪು ನೋಡಿ, "ಎಲ್ಲಿಂದ ಕಿತ್ಕೊಂಡು ಬಂದ್ರಿ ಫಾದರ್?" ಎಂದರು. ಜಾಗ ಹೇಳಿದೆ. ಅವರು ನಗಲಿಲ್ಲ. "ಅಲ್ಲಿಂದು ನಾವು ದನಕ್ಕೂ ಹಾಕಂಗಿಲ್ರಿ. ಗಿಡಕ್ಕ ಬ್ಯಾಡ ಅನ್ಲಿಕ್ಕ ಬಾಯಿ ಇಲ್ಲ, ಕೊಟ್ಟದ್ದು ಕುಡೀತದ" ಎಂದು ಕಟ್ಟನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟರು.

ಆ ಮಾತು ನನ್ನನ್ನು ಚುಚ್ಚಿತು. ಕಾರಣ ಸೊಲ್ಲಾಪುರದ ಗಟಾರವಲ್ಲ, ನಮ್ಮ ಊರಿನ ನನ್ನದೇ ತೋಟ. 2020ರಲ್ಲಿ ಕೊರೋನಾ ಬಂದಾಗ ಎಲ್ಲರೂ ಕಷಾಯದ ಬೆನ್ನು ಹತ್ತಿದ್ದು ನಿಮಗೆ ನೆನಪಿರಬಹುದು. ಆಗ ನಾನು ಗುರುಮನೆಯ ಹಿಂದಿನ ಖಾಲಿ ಜಾಗದಲ್ಲಿ ಅಮೃತಬಳ್ಳಿ, ತುಳಸಿ, ಒಂದೆಲಗ, ಆಡುಸೋಗೆ, ನೆಲನೆಲ್ಲಿ ಬೆಳೆಸಿದೆ. ಭಾನುವಾರ ಪೂಜೆಯ ನಂತರ ಕೇಳಿದವರಿಗೆಲ್ಲ ಕೊಟ್ಟೆ. ಆ ಜಾಗದಲ್ಲಿ ಮೊದಲು ವಾಹನಗಳಿಗೆ ಬಣ್ಣ ಹೊಡೆಯುವ, ಹಳೆ ಬ್ಯಾಟರಿ ಬಿಚ್ಚುವ ಶೆಡ್ ಇತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಯೋಚಿಸಿರಲಿಲ್ಲ.

ಆಯಿಯ ಊರಿನಲ್ಲಿ

ಮಾರನೆಯ ದಿನ ಆಯಿ ತಮ್ಮ ಊರಿಗೆ ಹೊರಟರು. ನಾವೂ ಜೊತೆಯಾದೆವು. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಸುಮಾರು 40 ಕಿಲೋಮೀಟರ್. ಪಟ್ಟಣ ದಾಟುವವರೆಗೆ ಪವರ್‌ಲೂಮ್‌ಗಳ ಸದ್ದು, ಗ್ಯಾರೇಜುಗಳು, ಲಾರಿಗಳ ಧೂಳು. 1877ರಲ್ಲಿ ಮೊದಲ ನೂಲಿನ ಗಿರಣಿ ಬಂದಂದಿನಿಂದ ಇದು ದುಡಿಯುವ ಊರು. ಅಲ್ಲಿಯ ಚಾದರ ನಮ್ಮ ಎಷ್ಟು ಮನೆಗಳಲ್ಲಿಲ್ಲ! ದುಡಿಯುವ ಊರಿನ ನೆಲದಲ್ಲಿ ಹೊಗೆ, ಬಣ್ಣ, ಎಣ್ಣೆಗಳ ಗುರುತು ಉಳಿಯುವುದು ಎಲ್ಲೆಡೆಯೂ ಸಹಜ.

ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ಆಲದ ಮರದ ಬಳಿ ಯಾತ್ರಿಕರ ಸಾಲು. ಅಲ್ಲಿಂದ ಒಳದಾರಿ ಹಿಡಿದು ಆಯಿಯ ಹೊಲ ಮುಟ್ಟಿದೆವು. ಅವರು ಸೊಪ್ಪು ಕೀಳುವ ಜಾಗ ರಸ್ತೆಯಿಂದ ಬಹಳ ಒಳಗೆ, ಬದುವಿನ ಮೇಲೆ. ಔಷಧಿ ಹೊಡೆದ ಹೊಲದ ಅಂಚಿಗೆ ಅವರು ಕೈ ಹಾಕಲಿಲ್ಲ. ಬೇರಿನ ಮಣ್ಣನ್ನು ಅಲ್ಲೇ ಕೊಡವಿ, ಬಾವಿ ನೀರಿನಲ್ಲಿ ಮೂರು ಸಲ ತೊಳೆದರು. "ನಮ್ಮವ್ವ ಹಿಂಗೇ ಮಾಡ್ತಿದ್ಲು" ಎಂದರು, ಅಷ್ಟೇ.

ವಿಜ್ಞಾನ ಹೇಳುವುದು

ಮರಳಿ ಬಂದ ಮೇಲೆ ಓದಿದೆ, ತಿಳಿದವರನ್ನು ಕೇಳಿದೆ. ಆಯಿಯ ಪ್ರತಿಯೊಂದು ನಡೆಗೂ ಕಾರಣವಿತ್ತು.

ನಗರದ ಮಣ್ಣಿನಲ್ಲಿ ಮುಖ್ಯವಾಗಿ ಭಯಪಡಬೇಕಾದದ್ದು ಸೀಸ ಮತ್ತು ಕ್ಯಾಡ್ಮಿಯಂ. ನಮ್ಮ ದೇಶದಲ್ಲಿ 2000ನೇ ಇಸವಿಯವರೆಗೆ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. ಪೆಟ್ರೋಲಿನಿಂದ ಹೋಯಿತು, ರಸ್ತೆ ಬದಿಯ ಮಣ್ಣಿನಿಂದ ಹೋಗಲಿಲ್ಲ. ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಹಳೆಯ ಬಣ್ಣ, ಬ್ಯಾಟರಿ, ಕಸ ಸುಟ್ಟ ಬೂದಿ ಇವುಗಳಿಂದಲೂ ಅದು ನೆಲ ಸೇರುತ್ತದೆ.

ಎರೆಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು. ಅದು ಸೀಸವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಬೇರಿನ ಮೂಲಕ ಒಳಹೋಗುವುದು ಕಡಿಮೆ. ನಮ್ಮ ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ಹಾಗಲ್ಲ, ಅಲ್ಲಿ ಗಿಡ ಸುಲಭವಾಗಿ ಹೀರುತ್ತದೆ. ಕ್ಯಾಡ್ಮಿಯಂ ಅಂತೂ ಸೀಸಕ್ಕಿಂತ ಸಲೀಸಾಗಿ ಎಲೆಗೆ ಏರುತ್ತದೆ. ಮಣ್ಣು ಯಾವುದಾದರೂ, ನೆಲಕ್ಕೆ ಅಂಟಿ ಬೆಳೆಯುವ ಒಂದೆಲಗ, ನೆಲನೆಲ್ಲಿ, ಗರಗಗಳ ಮೇಲೆ ಧೂಳು ಕೂರುತ್ತದೆ, ಮಳೆ ಹನಿಗೆ ಕೆಸರು ಸಿಡಿಯುತ್ತದೆ. ತೊಳೆದರೆ ಹೊರಗಿನದು ಹೋಗುತ್ತದೆ, ಒಳಗಿನದು ಹೋಗುವುದಿಲ್ಲ. ಕುದಿಸಿದರೂ ನಾಶವಾಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ನೀರು ಮಾತ್ರ ಆರುತ್ತದೆ, ಲೋಹವೆಲ್ಲ ಆ ಸ್ವಲ್ಪ ಪುಡಿಯಲ್ಲೇ ಉಳಿಯುತ್ತದೆ.

ಆಯುರ್ವೇದ ಔಷಧಿಗಳಿಗೆ ನಮ್ಮಲ್ಲಿ ಮಿತಿ ಇದೆ: ಒಂದು ಕಿಲೋಗೆ ಸೀಸ 10 ಮಿಲಿಗ್ರಾಂ, ಕ್ಯಾಡ್ಮಿಯಂ 0.3 ಮಿಲಿಗ್ರಾಂ ಮೀರಬಾರದು. ಬೀದಿಯಲ್ಲಿ ಕಿತ್ತ ಸೊಪ್ಪನ್ನು ಅಳೆಯುವವರು ಯಾರು? 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆ ಇದೆ, ಅದರಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲ. ಅದಕ್ಕೆ ಬೇರೆ ಪ್ರಯೋಗಾಲಯವೇ ಬೇಕು.

ಸೀಸದ ಹಾನಿ ಹೆಚ್ಚಾಗಿ ತಗಲುವುದು ಮಕ್ಕಳ ಮಿದುಳಿಗೆ ಮತ್ತು ಗರ್ಭಿಣಿಯರಿಗೆ. ಇಷ್ಟು ಇದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಿದವರಲ್ಲಿ ಬೆಂಗಳೂರಿನ ನಮ್ಮ ಸಂತ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಪ್ರಮುಖರು ಎಂಬುದು ನಾವು ನೆನೆಯಬೇಕಾದ ಸಂಗತಿ.

ಐದು ದಿನ

ಮುಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಎಲ್ಲವನ್ನೂ ಹೇಳಿದೆ. ತೋಟದ ಸೊಪ್ಪನ್ನು ಇನ್ನು ಯಾರೂ ಬಳಸಬೇಡಿ, ತಪ್ಪು ನನ್ನದು ಎಂದೆ. ಜನ ಹೊರಟ ಮೇಲೆ ಒಬ್ಬ ತಾಯಿ ಉಳಿದರು. "ಫಾದರ್, ಜ್ಞಾಪಕಶಕ್ತಿಗೆ ಒಳ್ಳೆಯದು ಅಂತ ನೀವೇ ಹೇಳಿದ್ರಿ. ಮಗಳಿಗೆ ಎರಡು ತಿಂಗಳಿಂದ ದಿನಾ ಒಂದೆಲಗದ ರಸ ಕೊಡ್ತಾ ಇದ್ದೀನಿ." ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನವೇ ಮಗುವಿನ ರಕ್ತ ಪರೀಕ್ಷೆಗೆ ಕೊಟ್ಟೆವು. ವರದಿ ಬರಲು ಐದು ದಿನ ಹಿಡಿಯಿತು. ಆ ಐದು ರಾತ್ರಿ ನಾನು ಸರಿಯಾಗಿ ನಿದ್ರೆ ಮಾಡಲಿಲ್ಲ. ಸೀಸದ ಪ್ರಮಾಣ ಆತಂಕಪಡುವಷ್ಟು ಇಲ್ಲವೆಂದು ವೈದ್ಯರು ಹೇಳಿದಾಗ ತಾಯಿಗಿಂತ ಮೊದಲು ನನ್ನ ಕಣ್ಣು ತುಂಬಿದವು.

ಗಿಡಮೂಲಿಕೆಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಊರ ಹೊರಗಿನ ಒಳ್ಳೆಯ ಹೊಲದ ಮಣ್ಣು, ಸೆಗಣಿ ಗೊಬ್ಬರ ತಂದು ಕುಂಡದಲ್ಲಿ ಬೆಳೆಸಿ. ಕಸ ಸುಟ್ಟ ಬೂದಿ ಹಾಕಬೇಡಿ. ಹಳೆ ಬಣ್ಣ ಉದುರುವ ಗೋಡೆಯ ಬುಡದಲ್ಲಿ ಕುಂಡ ಇಡಬೇಡಿ. ಗಟಾರ, ರಸ್ತೆ ಅಂಚು, ಗ್ಯಾರೇಜಿನ ಹಿತ್ತಲು, ಕಳೆನಾಶಕ ಸಿಂಪಡಿಸುವ ರೈಲು ಹಳಿಯ ಬದಿ, ಇಲ್ಲೆಲ್ಲ ಸೊಪ್ಪು ಕೀಳಬೇಡಿ. ಎಷ್ಟೇ ಒಳ್ಳೆಯದಿದ್ದರೂ ಚೆನ್ನಾಗಿ ತೊಳೆಯಿರಿ. ಮಕ್ಕಳಿಗೆ, ಬಸುರಿಯರಿಗೆ ವೈದ್ಯರನ್ನು ಕೇಳದೆ ದಿನವೂ ಕೊಡಬೇಡಿ.

ಗುರುಮನೆಯ ಹಿಂದಿನ ಆ ಜಾಗದಲ್ಲಿ ಈಗ ದಾಸವಾಳ, ಕಣಗಿಲೆ ಹೂ ಬಿಡುತ್ತಿವೆ. ಔಷಧಿಯ ಗಿಡಗಳು ಮಹಡಿಯ ಮೇಲೆ ಇಪ್ಪತ್ತು ಕುಂಡಗಳಲ್ಲಿವೆ. ಒಂದು ಕುಂಡದಲ್ಲಿ ಆಯಿ ಬೇರುಸಮೇತ ಕೊಟ್ಟು ಕಳಿಸಿದ ಗರಗ ಇದೆ. ಕೇಳಲು ಬಂದವರಿಗೆ ಸೊಪ್ಪು ಕೊಡುವ ಮೊದಲು ಅದು ಬೆಳೆದ ಮಣ್ಣು ಎಲ್ಲಿಯದೆಂದು ಈಗ ನಾನೇ ಹೇಳುತ್ತೇನೆ.